ಸೈನಿಕರ ಫಿಟ್‌ನೆಸ್ ಪರೀಕ್ಷೆ: ಅಳೆಯಬೇಕಾದ್ದು ಆರೋಗ್ಯವನ್ನೋ, ಕೆಲಸವನ್ನೋ?

ಎರಡು ನಿಮಿಷದಲ್ಲಿ 42 ಪುಶ್-ಅಪ್. ಅಮೆರಿಕದ ಸೈನ್ಯದಲ್ಲಿ 17ರಿಂದ 21ರ ವಯಸ್ಸಿನ ಹುಡುಗ ಪಾಸಾಗಬೇಕಾದರೆ ಕನಿಷ್ಠ ಇಷ್ಟು ಹೊಡೆಯಬೇಕಿತ್ತು. ಅದೇ ವಯಸ್ಸಿನ ಹುಡುಗಿಗೆ 19 ಸಾಕಿತ್ತು. ಎರಡು ಮೈಲಿ, ಅಂದರೆ ಸುಮಾರು 3.2 ಕಿಲೋಮೀಟರ್ ಓಟವನ್ನು ಹುಡುಗ 15 ನಿಮಿಷ 54 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಹುಡುಗಿಗೆ ಇನ್ನೂ ಮೂರು ನಿಮಿಷ ಜಾಸ್ತಿ ಸಿಗುತ್ತಿತ್ತು. ಸಿಟ್-ಅಪ್ ಮಾತ್ರ ಇಬ್ಬರಿಗೂ ಒಂದೇ, 53. 1980ರಲ್ಲಿ ಬಂದ ಈ ಪರೀಕ್ಷೆ ಹೆಚ್ಚುಕಡಿಮೆ ನಲವತ್ತು ವರ್ಷ ನಡೆಯಿತು.

ಆಮೇಲೆ ಶುರುವಾದ ಗೊಂದಲ ಇನ್ನೂ ಮುಗಿದಿಲ್ಲ. 2018ರಲ್ಲಿ ಹೊಸ ಪರೀಕ್ಷೆಯ ಘೋಷಣೆ ಆಯಿತು. 2022ರಲ್ಲಿ ಅದನ್ನು ತಿದ್ದಿದರು. 2025ರ ಜೂನ್ 1ರಂದು ಅದೂ ಹೋಗಿ ಇನ್ನೊಂದು ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ರಕ್ಷಣಾ ಇಲಾಖೆಯ ಮುಖ್ಯಸ್ಥ ಪೀಟ್ ಹೆಗ್ಸೆತ್ ಹಿರಿಯ ಸೇನಾಧಿಕಾರಿಗಳನ್ನೆಲ್ಲ ಕ್ವಾಂಟಿಕೋ ಸೇನಾ ನೆಲೆಯಲ್ಲಿ ಸೇರಿಸಿ, ಯುದ್ಧದ ಹುದ್ದೆಗಳಿಗೆಲ್ಲ ಇನ್ನು ಗಂಡಸರ ಅತ್ಯುನ್ನತ ಮಟ್ಟವೇ ಅಳತೆ ಎಂದು ಹೇಳಿದರು. ಅಲ್ಲಿಂದ ಚರ್ಚೆ ಪೂರ್ತಿ ಗಂಡು-ಹೆಣ್ಣಿನ ಜಗಳವಾಗಿ ಹೋಯಿತು. ಒಂದು ಕಡೆಯವರು ಹೆಂಗಸರಿಗೆ ರಿಯಾಯಿತಿ ಯಾಕೆ ಅನ್ನುತ್ತಾರೆ. ಇನ್ನೊಂದು ಕಡೆಯವರು ಇದು ಹೆಂಗಸರನ್ನು ಹೊರಗಿಡುವ ಉಪಾಯ ಅನ್ನುತ್ತಾರೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮೂಲ ತೊಂದರೆ ಇರುವ ಜಾಗ ಬೇರೆ ಅಂತ ನನಗೆ ಅನ್ನಿಸುತ್ತದೆ. ಒಂದೇ ಪರೀಕ್ಷೆಯ ಬಾಯಲ್ಲಿ ಎರಡು ಪ್ರಶ್ನೆ ಕೇಳಿಸುತ್ತಿದ್ದಾರೆ. ಈ ದೇಹ ಆರೋಗ್ಯವಾಗಿದೆಯಾ ಅನ್ನುವುದು ಒಂದು. ಈ ದೇಹ ಈ ಕೆಲಸ ಮಾಡಬಲ್ಲದಾ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದೇ ಅಂಕಪಟ್ಟಿಯಲ್ಲಿ ಎರಡನ್ನೂ ಹಿಡಿಯಲು ಹೋದರೆ ಎತ್ತು ಏರಿಗೆ ಎಳೆದಂತೆ, ಕೋಣ ನೀರಿಗೆ ಎಳೆದಂತೆ ಆಗುತ್ತದೆ.

ಆರೋಗ್ಯದ ಪ್ರಶ್ನೆ ಮೊದಲು ನೋಡೋಣ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಒಂದು ಸರಳ ಪರೀಕ್ಷೆ ತಂದರು. ಹನ್ನೆರಡು ನಿಮಿಷ ಓಡಿ, ಎಷ್ಟು ದೂರ ಹೋದಿರಿ ನೋಡಿ. ಅಷ್ಟರಿಂದಲೇ ಹೃದಯ, ಶ್ವಾಸಕೋಶಗಳ ಶಕ್ತಿ ಎಷ್ಟಿದೆ ಅಂತ ಸುಮಾರಾಗಿ ಅಂದಾಜು ಮಾಡಬಹುದು. ಪ್ರಯೋಗಾಲಯ ಬೇಡ, ಯಂತ್ರ ಬೇಡ. ಇದರ ಜೊತೆ ಹುಟ್ಟಿದ್ದೇ ಒಂದೂವರೆ ಮೈಲಿ, ಅಂದರೆ 2.4 ಕಿಲೋಮೀಟರ್ ಓಟದ ಪರೀಕ್ಷೆ. ಇವತ್ತು ಎಷ್ಟೋ ದೇಶಗಳ ಸೈನ್ಯದಲ್ಲಿ, ಪೊಲೀಸ್ ಪಡೆಗಳಲ್ಲಿ ಈ ದೂರ ಕಾಣುತ್ತದೆ.

ಇಂಥ ಪರೀಕ್ಷೆಯಲ್ಲಿ ವಯಸ್ಸು, ಲಿಂಗ ನೋಡಿ ಅಂಕ ಕೊಡುವುದು ಸರಿಯಾದ ಕ್ರಮವೇ. 45 ವರ್ಷದವರ ಹೃದಯವನ್ನು 20 ವರ್ಷದವರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅದೇ ವಯಸ್ಸಿನ ಬೇರೆಯವರ ಜೊತೆ ಹೋಲಿಸಿದರೆ ಮಾತ್ರ ಈ ಮನುಷ್ಯ ತನ್ನ ಮೈ ಕಾಪಾಡಿಕೊಂಡಿದ್ದಾನಾ ಇಲ್ಲವಾ ಗೊತ್ತಾಗುತ್ತದೆ. ಹೆಂಗಸರ ವಿಷಯದಲ್ಲೂ ಹಾಗೆಯೇ. ಸರಾಸರಿ ತೆಗೆದುಕೊಂಡರೆ ಹೆಂಗಸರ ತೋಳು, ಭುಜ, ಎದೆಯ ಬಲ ಗಂಡಸರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಕಾಲಿನ ಬಲದಲ್ಲಿ ಈ ಅಂತರ ಕಡಿಮೆ. ಓಟದ ದಮ್ಮಿನಲ್ಲಿ ಇನ್ನೂ ಕಡಿಮೆ. ಹಾಗಾಗಿ 19 ಪುಶ್-ಅಪ್ ಹೊಡೆದ ಹುಡುಗಿಯೂ 42 ಹೊಡೆದ ಹುಡುಗನೂ ತಮ್ಮ ತಮ್ಮ ದೇಹವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡಿದ್ದಾರೆ ಅಂತ ಹೇಳಬಹುದು. ಹಳೆಯ ಪರೀಕ್ಷೆಯ ಲೆಕ್ಕ ಇದು. ಇದರಲ್ಲಿ ರಿಯಾಯಿತಿ ಏನೂ ಇಲ್ಲ.

ಇನ್ನು ಕೆಲಸದ ಪ್ರಶ್ನೆ. ಇದಕ್ಕೆ ಬ್ರಿಟಿಷ್ ಸೈನ್ಯದ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2019ರಿಂದ ಅಲ್ಲಿ ಹುದ್ದೆಗೆ ತಕ್ಕ ಪರೀಕ್ಷೆ ನಡೆಯುತ್ತಿದೆ. ನೆಲದ ಮೇಲೆ ಎದುರಾಎದುರು ಹೋರಾಡುವ ಪಡೆಯವರು 40 ಕಿಲೋ ಹೊತ್ತು 4 ಕಿಲೋಮೀಟರ್ ನಡೆಯಬೇಕು, 50 ನಿಮಿಷದೊಳಗೆ. ಅದು ಮುಗಿದ ಮೇಲೆ 25 ಕಿಲೋ ಹೊತ್ತು ಇನ್ನೆರಡು ಕಿಲೋಮೀಟರ್, 15 ನಿಮಿಷದೊಳಗೆ. ಆಮೇಲೆ ಗುಂಡಿನ ದಾಳಿ ನಡೆಯುತ್ತಿದೆ ಅನ್ನುವ ಹಾಗೆ ಓಡಿ, ಬಿದ್ದು, ತೆವಳಿ ಮುಂದೆ ಸಾಗಬೇಕು. ಆಮೇಲೆ ಗಾಯಗೊಂಡು ಬಿದ್ದ ಸೈನಿಕನ ಬದಲಿಗೆ 110 ಕಿಲೋದ ಒಂದು ಚೀಲವನ್ನು 20 ಮೀಟರ್ ಎಳೆಯಬೇಕು.

110 ಕಿಲೋ ಯಾಕೆ? ಎಳೆಯಬೇಕಾದ್ದು ಬಿದ್ದವನ ಮೈತೂಕವನ್ನಷ್ಟೇ ಅಲ್ಲ. ಎದೆಗೆ ಕವಚ ಇರುತ್ತದೆ, ತಲೆಗೆ ಹೆಲ್ಮೆಟ್ ಇರುತ್ತದೆ, ಸೊಂಟದ ಸುತ್ತ ಮದ್ದುಗುಂಡು, ನೀರು, ರೇಡಿಯೋ ಇರುತ್ತವೆ. ಎಲ್ಲ ಸೇರಿದರೆ ಅಷ್ಟಾಗುತ್ತದೆ. ಆ ಚೀಲ ಎಳೆಯಲು ನಿಂತವರ ವಯಸ್ಸು ಕೇಳುವುದಿಲ್ಲ. ಗಂಡೋ ಹೆಣ್ಣೋ ಅಂತಲೂ ಕೇಳುವುದಿಲ್ಲ. ಅದಕ್ಕೇ ಬ್ರಿಟಿಷ್ ಪರೀಕ್ಷೆಯಲ್ಲಿ ವಯಸ್ಸು, ಲಿಂಗದ ಪಟ್ಟಿ ಇಲ್ಲ. ಬದಲಿಗೆ ಹುದ್ದೆಯ ಪಟ್ಟಿ ಇದೆ. ಯಾವ ಹುದ್ದೆಗೆ ಎಷ್ಟು ಭಾರದ ಕೆಲಸವೋ ಅಷ್ಟೇ ಪರೀಕ್ಷೆ.

ಅದರಲ್ಲೇ ಇನ್ನೊಂದು ಭಾಗ ಇದೆ. ಎರಡು ಕೈಯಲ್ಲಿ 22 ಕಿಲೋದ ಒಂದೊಂದು ನೀರಿನ ಕ್ಯಾನ್ ಹಿಡಿದು 240 ಮೀಟರ್ ನಡೆಯಬೇಕು. ಕೇಳಲು ಸುಲಭ. ಇಪ್ಪತ್ತು ಲೀಟರಿನ ಎರಡು ತುಂಬಿದ ಕ್ಯಾನ್ ಎತ್ತಿ ಸುಮ್ನೆ ಐವತ್ತು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತದೆ. ಮೊದಲು ಸೋಲುವುದು ಕಾಲಲ್ಲ, ದಮ್ಮೂ ಅಲ್ಲ. ಬೆರಳು. ಹಿಡಿಕೆ ನಿಧಾನವಾಗಿ ಅಂಗೈಯಿಂದ ಬೆರಳ ತುದಿಗೆ ಜಾರುತ್ತದೆ. ಮುಂಗೈ ಉರಿಯಲು ಶುರುವಾಗುತ್ತದೆ. ಭುಜ ಕಿವಿಯ ಹತ್ತಿರ ಬರುತ್ತದೆ. ಗಾಯಾಳುವನ್ನು ಸ್ಟ್ರೆಚರ್ ಮೇಲೆ ಹೊತ್ತು ಸಾಗಿಸುವವರಿಗೂ ಆಗುವುದು ಇದೇ. ಯಾವ ಪುಶ್-ಅಪ್ ಲೆಕ್ಕವೂ ಈ ಬೆರಳಿನ ಸೋಲನ್ನು ಹೇಳುವುದಿಲ್ಲ. ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಸಪೂರ ಮೈಕಟ್ಟಿನ ಹುಡುಗನೂ ಇಲ್ಲಿ ಕ್ಯಾನ್ ಕೆಳಗಿಡಬಹುದು.

ನಿಜ ಹೇಳಬೇಕೆಂದರೆ ಇದು ಹಳೆಯ ಕಾಲದ ಕ್ರಮವೇ. ರೋಮನ್ ಸೈನ್ಯಕ್ಕೆ ಸೇರಿದ ಹೊಸಬರು ಬೇಸಿಗೆಯ ಐದು ಗಂಟೆಯಲ್ಲಿ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿಲೋಮೀಟರ್ ನಡೆಯಬೇಕಿತ್ತು ಅಂತ ಆ ಕಾಲದ ಬರಹ ಹೇಳುತ್ತದೆ. ಸೈನಿಕನ ಕೆಲಸ ಹೊತ್ತು ನಡೆಯುವುದು. ಹಾಗಾಗಿ ಪರೀಕ್ಷೆಯೂ ಅದೇ ಆಗಿತ್ತು.

ಇವೆರಡರ ಜೊತೆ ಮೂರನೆಯದೊಂದು ಇದೆ, ಅದು ಭರ್ತಿಯ ಪರೀಕ್ಷೆ. ಭಾರತೀಯ ಸೈನ್ಯದ ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ. ಒಂದು ಸೆಕೆಂಡ್ ತಡವಾದರೆ 48. ಹತ್ತು ಪುಲ್-ಅಪ್‌ಗೆ 40 ಅಂಕ. ಒಂಬತ್ತು ಅಡಿ ಹಳ್ಳ ಹಾರಬೇಕು, ಅದಕ್ಕೆ ಪಾಸು-ಫೇಲು ಮಾತ್ರ. ಆ ಒಂದು ಸೆಕೆಂಡಿಗೂ ಮುಂದೆ ಆ ಹುಡುಗ ಮಾಡಲಿರುವ ಕೆಲಸಕ್ಕೂ ನೇರ ಸಂಬಂಧ ಇಲ್ಲ. ಬರುವವರು ತುಂಬಾ ಜನ, ಇರುವ ಜಾಗ ಕಡಿಮೆ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಇದು ಜರಡಿ ಹಿಡಿಯುವ ಕೆಲಸ. ಇದನ್ನು ಸೈನಿಕನಾದ ಮೇಲಿನ ಅಳತೆಯ ಜೊತೆ ಬೆರೆಸಬಾರದು. ಅದೇ ಸೈನ್ಯ ಸೇವೆಯಲ್ಲಿರುವವರಿಗೆ ಬೇರೆಯೇ ಪರೀಕ್ಷೆ ಇಟ್ಟಿದೆ. ಅದರಲ್ಲಿ ಯುದ್ಧದ ಸಾಮಾನು ಹೊತ್ತು 5 ಕಿಲೋಮೀಟರ್ ಓಟ, ಹಗ್ಗ ಹತ್ತುವುದು, ಹಳ್ಳ ದಾಟುವುದು ಎಲ್ಲ ಇವೆ.

ಈಗ ಅಮೆರಿಕದ ಕಥೆಗೆ ವಾಪಸ್ ಬರೋಣ. ಅಲ್ಲಿ ಎರಡು ಪ್ರಶ್ನೆಗಳು ಹೇಗೆ ಒಂದಕ್ಕೊಂದು ಸಿಕ್ಕು ಹಾಕಿಕೊಂಡವು ಅನ್ನುವುದು ನೋಡುವಂಥದ್ದು.

2015ರ ಡಿಸೆಂಬರಿನಲ್ಲಿ ಎಲ್ಲ ಯುದ್ಧದ ಹುದ್ದೆಗಳನ್ನೂ ಮಹಿಳೆಯರಿಗೆ ತೆರೆಯುವ ನಿರ್ಧಾರವಾಯಿತು. ಅಲ್ಲಿಯವರೆಗೆ ಆರೋಗ್ಯದ ಪರೀಕ್ಷೆಯೊಂದೇ ನಡೆಯುತ್ತಿದ್ದರೂ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಕೆಲಸದ ಪ್ರಶ್ನೆ ಮುಂದೆ ಬಂತು. 2018ರಲ್ಲಿ ಘೋಷಿಸಿದ ಪರೀಕ್ಷೆಯ ಹೆಸರು ಎಸಿಎಫ್‌ಟಿ, ಅಂದರೆ ಆರ್ಮಿ ಕಾಂಬ್ಯಾಟ್ ಫಿಟ್‌ನೆಸ್ ಟೆಸ್ಟ್. ಅದರಲ್ಲಿ ಆರು ಭಾಗ, ಒಟ್ಟು 600 ಅಂಕ. ಭಾರದ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು, ಮೂರು ಸಲ. ಹತ್ತು ಪೌಂಡಿನ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ಕೆಳಗೆ ಹೋದಾಗ ಕೈ ನೆಲದಿಂದ ಎತ್ತುವ ಪುಶ್-ಅಪ್. 25 ಮೀಟರಿನ ಗೆರೆಯಲ್ಲಿ ಓಡುತ್ತ, ಭಾರ ಹೇರಿದ ಸ್ಲೆಡ್ ಎಂಬ ಜಾರುಬಂಡಿ ಎಳೆಯುತ್ತ, ಹಿಡಿಕೆ ಇರುವ ಎರಡು ಕಬ್ಬಿಣದ ಗುಂಡು (ಕೆಟಲ್‌ಬೆಲ್) ಹೊತ್ತು ಹೋಗಿ ಬಂದು ಒಟ್ಟು 250 ಮೀಟರ್ ಮುಗಿಸುವುದು. ಕಂಬಿಗೆ ಜೋತುಬಿದ್ದು ಮಂಡಿಯನ್ನು ಮೊಣಕೈವರೆಗೆ ತರುವ ಲೆಗ್ ಟಕ್. ಕೊನೆಗೆ ಎರಡು ಮೈಲಿ ಓಟ. ವಯಸ್ಸು, ಲಿಂಗದ ಪಟ್ಟಿ ಇಲ್ಲ. ಹುದ್ದೆ ಎಷ್ಟು ಭಾರದ್ದು ಅನ್ನುವುದರ ಮೇಲೆ ಮೂರು ಹಂತ. ಡೆಡ್‌ಲಿಫ್ಟ್‌ನ ಕನಿಷ್ಠ ಭಾರ ಹಗುರ ಹುದ್ದೆಗೆ 140 ಪೌಂಡ್, ಭಾರದ ಹುದ್ದೆಗೆ 200 ಪೌಂಡ್.

ಆಲೋಚನೆ ಒಳ್ಳೆಯದೇ ಇತ್ತು. ಪರೀಕ್ಷೆ ನಡೆಸಿ ನೋಡಿದಾಗ ಶುರುವಿನಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರು ಪಾಸಾಗಲಿಲ್ಲ. ಗಂಡಸರಲ್ಲಿ ಫೇಲಾದವರು ತುಂಬಾ ಕಡಿಮೆ. ಎಡವಿದ್ದು ಬಹುತೇಕ ಲೆಗ್ ಟಕ್‌ನಲ್ಲಿ. ಹಗುರ ಹುದ್ದೆಗೆ ಬೇಕಿದ್ದದ್ದು ಒಂದೇ ಒಂದು ಲೆಗ್ ಟಕ್. ಆ ಒಂದು ಆಗದೆ ಒಳ್ಳೆಯ ನರ್ಸು, ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ವಕೀಲೆಯ ಬಡ್ತಿಗೇ ಪೆಟ್ಟು ಬೀಳುವ ಸ್ಥಿತಿ ಬಂತು. ಅವರ ದಿನದ ಕೆಲಸದಲ್ಲಿ ಕಂಬಿಗೆ ಜೋತುಬೀಳುವುದು ಎಲ್ಲಿದೆ? ಅಮೆರಿಕದ ಸಂಸತ್ತು ಸ್ವತಂತ್ರ ಪರಿಶೀಲನೆ ಆಗಲಿ ಎಂದಿತು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಅದನ್ನು ಮಾಡಿ 2022ರಲ್ಲಿ ವರದಿ ಕೊಟ್ಟಿತು. ಎಲ್ಲ ಭಾಗಗಳೂ ಯುದ್ಧದ ಕೆಲಸವನ್ನು ಅಥವಾ ಗಾಯದ ಸಾಧ್ಯತೆಯನ್ನು ಮುಂಚಿತವಾಗಿ ಹೇಳುತ್ತವೆ ಎಂದು ಸಾಬೀತಾಗಿಲ್ಲ ಎಂಬುದು ವರದಿಯ ತಿರುಳು.

ಸೈನ್ಯ ಇಲ್ಲಿ ಹಿಂದೆ ಸರಿಯಿತು. ಲೆಗ್ ಟಕ್ ತೆಗೆದು, ಮುಂಗೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲ್ಯಾಂಕ್ ಇಟ್ಟಿತು. ವಯಸ್ಸು, ಲಿಂಗದ ಪಟ್ಟಿ ಮತ್ತೆ ಬಂತು. 17ರಿಂದ 21ರ ಗುಂಪಿನಲ್ಲಿ ಡೆಡ್‌ಲಿಫ್ಟ್‌ಗೆ ಪೂರ್ತಿ 100 ಅಂಕ ಬೇಕಾದರೆ ಹುಡುಗ 340 ಪೌಂಡ್ ಎತ್ತಬೇಕು, ಹುಡುಗಿ 210 ಪೌಂಡ್. ಆಟ ಅದೇ, ಸಾಮಾನು ಅದೇ, ಹೆಸರೂ ಅದೇ. ಆದರೆ ಕೇಳುವ ಪ್ರಶ್ನೆ ಮಾತ್ರ ಬದಲಾಗಿತ್ತು. ಕೆಲಸದ ಪರೀಕ್ಷೆ ಅಂತ ಹುಟ್ಟಿದ್ದು ಆರೋಗ್ಯದ ಪರೀಕ್ಷೆಯಾಗಿ ಬೆಳೆಯಿತು. ಹೆಸರಿನಲ್ಲಿ ‘ಕಾಂಬ್ಯಾಟ್’ ಅನ್ನುವ ಪದ ಹಾಗೇ ಉಳಿದದ್ದರಿಂದ ಜನ ಅದನ್ನು ಯುದ್ಧದ ಅಳತೆ ಅಂತಲೇ ನಂಬಿದರು. ಯುದ್ಧಕ್ಕೆ ಎರಡು ಅಳತೆ ಯಾಕೆ ಎಂಬ ಸಿಟ್ಟು ಅಲ್ಲಿಂದಲೇ ಹುಟ್ಟಿತು.

ಈ ಸಿಟ್ಟು ಗಂಡಸರದ್ದು ಮಾತ್ರ ಆಗಿರಲಿಲ್ಲ. ಸೈನ್ಯದ ಅತಿ ಕಠಿಣವಾದ ರೇಂಜರ್ ತರಬೇತಿ ಮುಗಿಸಿದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದ, ಕಾಲಾಳು ಪಡೆಯ ಮೊದಲ ಮಹಿಳಾ ಅಧಿಕಾರಿ ಕ್ರಿಸ್ಟನ್ ಗ್ರೀಸ್ಟ್ 2021ರಲ್ಲೇ ಲಿಂಗಕ್ಕೊಂದು ಪಟ್ಟಿ ಬೇಡ ಎಂದು ಬಹಿರಂಗವಾಗಿ ಬರೆದಿದ್ದರು. ಅಳತೆ ಇಳಿಸಿದರೆ ಸೈನ್ಯಕ್ಕೂ ನಷ್ಟ, ಮಹಿಳೆಯರಿಗೂ ನಷ್ಟ ಎಂಬುದು ಅವರ ವಾದ. ಕಡಿಮೆ ಭಾರ ಎತ್ತಿ ಪಾಸಾದವಳು ಅನ್ನುವ ಹೆಸರು, ಪೂರ್ತಿ ಭಾರ ಎತ್ತಬಲ್ಲವಳಿಗೂ ಅಂಟಿಕೊಳ್ಳುತ್ತದೆ. ಅವರ ಈ ನೋವು ನನಗೆ ಅರ್ಥವಾಗುತ್ತದೆ. ಯುದ್ಧದ ಹುದ್ದೆಯ ಮಟ್ಟಿಗೆ ಅವರ ಮಾತು ಸರಿ ಅಂತಲೇ ನನ್ನ ಅಭಿಪ್ರಾಯ.

2025ರ ಪರೀಕ್ಷೆ ಈ ಸಿಕ್ಕನ್ನು ಅರ್ಧ ಬಿಡಿಸಿದೆ. ಚೆಂಡು ಎಸೆತ ಹೋಯಿತು, ಐದು ಭಾಗ ಉಳಿಯಿತು, ಒಟ್ಟು 500 ಅಂಕ. ಎಲ್ಲರೂ ಪ್ರತಿ ಭಾಗದಲ್ಲಿ 60ರಂತೆ ಕನಿಷ್ಠ 300 ತೆಗೆಯಬೇಕು. ಈ ಸಾಮಾನ್ಯ ಮಟ್ಟಕ್ಕೆ ವಯಸ್ಸು, ಲಿಂಗದ ಪಟ್ಟಿ ಇದೆ. ಯುದ್ಧದ 21 ಹುದ್ದೆಗಳಿಗೆ ಮಾತ್ರ 350 ಬೇಕು. ಅಲ್ಲಿ ಗಂಡು-ಹೆಣ್ಣು ಭೇದ ಇಲ್ಲ, ಇಬ್ಬರಿಗೂ ಒಂದೇ ಪಟ್ಟಿ. ಎರಡು ಪ್ರಶ್ನೆಗೆ ಎರಡು ಮಟ್ಟ ಇಟ್ಟದ್ದು ಒಳ್ಳೆಯ ಹೆಜ್ಜೆ.

ಆದರೆ ಪಟ್ಟಿಯನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಯುದ್ಧದ ಮಟ್ಟದಲ್ಲಿ ಲಿಂಗದ ರಿಯಾಯಿತಿ ತೆಗೆದರು, ವಯಸ್ಸಿನ ರಿಯಾಯಿತಿ ಹಾಗೇ ಬಿಟ್ಟರು. 22ರ ಹುಡುಗನಿಗೆ ಒಂದು ಅಳತೆ, 45ರ ಹಿರಿಯನಿಗೆ ಅದಕ್ಕಿಂತ ಸಡಿಲ ಅಳತೆ, ಇಬ್ಬರೂ ಅದೇ ಹುದ್ದೆಯಲ್ಲಿ. ಹೆಂಗಸರಿಗೆ ರಿಯಾಯಿತಿ ಬೇಡ ಅನ್ನಲು ಕೊಟ್ಟ ಕಾರಣ ಏನು? ಯುದ್ಧಭೂಮಿಯಲ್ಲಿ ಭಾರ ಯಾರಿಗೂ ಕಡಿಮೆ ಆಗುವುದಿಲ್ಲ ಅಂತ. ಆ ಕಾರಣ ವಯಸ್ಸಿಗೂ ಅನ್ವಯಿಸಬೇಕು ಅಲ್ವಾ? ಬಿದ್ದವನನ್ನು ಎಳೆಯುವಾಗ ಎಳೆಯುವವರು 45ರವರು ಅಂತ ಅವನ ತೂಕ ಇಳಿಯುವುದಿಲ್ಲ. ಹಿರಿಯ ಸೈನಿಕರ ಅನುಭವಕ್ಕೆ ಬೆಲೆ ಇದೆ, ಅವರು ಎಳೆಯುವುದಕ್ಕಿಂತ ಎಳೆಸುವ ಜಾಗದಲ್ಲಿರುತ್ತಾರೆ ಅನ್ನಬಹುದು. ಸರಿ, ಒಪ್ಪೋಣ. ಹಾಗಾದರೆ ಅದು ಹುದ್ದೆಯ ಮಾತಾಯಿತು. ವಯಸ್ಸಿನ ಕಾಲಂ ತೆಗೆದು ಹುದ್ದೆಯ ಕಾಲಂ ಹಾಕಬೇಕಾಗುತ್ತದೆ.

ಇನ್ನೂ ಆಳದ ತೊಂದರೆ ಒಂದಿದೆ. ಗಂಡಸರ ಪಟ್ಟಿಯೇ ಯುದ್ಧದ ಪಟ್ಟಿ ಅನ್ನುವಾಗ, ಆ ಗಂಡಸರ ಪಟ್ಟಿ ಎಲ್ಲಿಂದ ಬಂತು ಅಂತ ಕೇಳಬೇಕು. 2022ರ ಅಂಕಪಟ್ಟಿಯನ್ನು ಸೈನಿಕರೇ ಪರೀಕ್ಷೆಯಲ್ಲಿ ತೆಗೆದ ಅಂಕಗಳನ್ನು ರಾಶಿ ಹಾಕಿ, ಅವುಗಳನ್ನು ನೋಡಿಕೊಂಡು ಮಾಡಿದ್ದು. ಅಂದರೆ ಅದು ಹೇಳುವುದು ಈ ಗಂಡಸು ಉಳಿದ ಗಂಡಸರ ನಡುವೆ ಎಲ್ಲಿ ನಿಂತಿದ್ದಾನೆ ಎಂಬುದನ್ನು. ಗಾಯಾಳುವನ್ನು ಎಳೆಯಲು ಎಷ್ಟು ಬಲ ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಜೊತೆಯವರನ್ನು ನೋಡಿ ಎಳೆದ ಗೆರೆಗೂ ಕೆಲಸವನ್ನು ನೋಡಿ ಎಳೆದ ಗೆರೆಗೂ ಅಜಗಜಾಂತರ ಇದೆ. ಹೆಂಗಸರಿಗೂ ಗಂಡಸರ ಪಟ್ಟಿಯನ್ನೇ ಕೊಟ್ಟ ಮಾತ್ರಕ್ಕೆ ಅದು ಕೆಲಸದ ಅಳತೆ ಆಗಿಬಿಡುವುದಿಲ್ಲ. ಅದು ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇರಬಹುದು. ಕೆಲಸಕ್ಕೆ ಸಾಲದಷ್ಟು ಕಡಿಮೆಯೂ ಇರಬಹುದು. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದು. ಹಾಗಿದ್ದರೆ ಗಂಡಸರೂ ಯುದ್ಧದ ಕೆಲಸಕ್ಕೆ ತಯಾರಾಗದೆಯೇ ಪಾಸಾಗುತ್ತಿರುತ್ತಾರೆ. ಜಗಳ ಪೂರ್ತಿ ಹೆಂಗಸರ ಸುತ್ತ ನಡೆಯುವಾಗ ಈ ಕಡೆ ಯಾರೂ ನೋಡುವುದಿಲ್ಲ.

ಈ ವಿಷಯ ಕೆನಡಾದಲ್ಲಿ ಕೋರ್ಟಿನ ತನಕ ಹೋಗಿತ್ತು. ಅದು ಸೈನ್ಯದ ಪ್ರಕರಣವಲ್ಲ, ಕಾಡಿನ ಬೆಂಕಿ ಆರಿಸುವವರದ್ದು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಟಾನಿ ಮಿಯೊರಿನ್ ಎಂಬ ಮಹಿಳೆ ಆ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು. ಆಮೇಲೆ ಹೊಸ ಫಿಟ್‌ನೆಸ್ ಪರೀಕ್ಷೆ ಬಂತು. ಅದರಲ್ಲಿ ಒಂದು ಭಾಗ 2.5 ಕಿಲೋಮೀಟರ್ ಓಟ, 11 ನಿಮಿಷದಲ್ಲಿ. ಉಳಿದ ಭಾಗಗಳಲ್ಲಿ ಅವರು ಪಾಸಾದರು. ಓಟವನ್ನು ನಾಲ್ಕು ಸಲ ಪ್ರಯತ್ನಿಸಿದರು. ಅತ್ಯುತ್ತಮ ಸಮಯ 11 ನಿಮಿಷ 49.4 ಸೆಕೆಂಡ್. ಕೆಲಸ ಹೋಯಿತು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ಓಟದ ಗುರಿ ಮುಟ್ಟದವರು ಬೆಂಕಿ ಆರಿಸುವ ಕೆಲಸವನ್ನು ಸುರಕ್ಷಿತವಾಗಿ ಮಾಡಲಾರರು ಅಂತ ಸರ್ಕಾರ ತೋರಿಸಲಿಲ್ಲ ಎಂಬುದೇ ಕಾರಣ. ಅಳತೆ ಕಠಿಣ ಇರಬಾರದು ಅಂತ ಕೋರ್ಟ್ ಹೇಳಲಿಲ್ಲ. ಎಷ್ಟು ಬೇಕಾದರೂ ಕಠಿಣ ಇರಲಿ, ಆ ಕೆಲಸಕ್ಕೆ ಅದು ಯಾಕೆ ಬೇಕು ಅಂತ ತೋರಿಸಿ ಅಂದಿತು.

ಕೆನಡಾದ ಸೈನ್ಯ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಮೊದಲು ಅಲ್ಲಿಯೂ ಪುಶ್-ಅಪ್, ಸಿಟ್-ಅಪ್, ಓಟ, ಕೈ ಹಿಡಿತದ ಪರೀಕ್ಷೆ ಇತ್ತು, ವಯಸ್ಸು-ಲಿಂಗದ ಪಟ್ಟಿಯ ಜೊತೆ. 2013ರಿಂದ ‘ಫೋರ್ಸ್’ ಎಂಬ ಹೊಸ ಪರೀಕ್ಷೆ ತಂದರು. ಯಾವ ಹುದ್ದೆಯಲ್ಲಿದ್ದರೂ ಸೈನಿಕನಾದವನು ಒಂದಲ್ಲ ಒಂದು ದಿನ ಮಾಡಬೇಕಾಗಿ ಬರುವ ಆರು ಕೆಲಸಗಳನ್ನು ಮೊದಲು ಪಟ್ಟಿ ಮಾಡಿದರು. ಮರೆಗೆ ಓಡುವುದು, ಮರಳಿನ ಚೀಲದ ಗೋಡೆ ಕಟ್ಟುವುದು, ಅಗೆಯುವುದು, ತಂತಿ ಮತ್ತು ಕಂಬ ಹೊರುವುದು, ಗಾಡಿಯಿಂದ ಗಾಯಾಳುವನ್ನು ಹೊರಗೆಳೆಯುವುದು, ಸ್ಟ್ರೆಚರ್ ಹೊರುವುದು. ಆಮೇಲೆ ಈ ಆರಕ್ಕೂ ಬೇಕಾದ ಶಕ್ತಿಯನ್ನು ಅಳೆಯುವ ನಾಲ್ಕು ಭಾಗ ಮಾಡಿದರು. ಉದಾಹರಣೆಗೆ 20 ಕಿಲೋದ ಮರಳಿನ ಚೀಲವನ್ನು ಮೂರೂವರೆ ನಿಮಿಷದಲ್ಲಿ 30 ಸಲ ಗೋಡೆಯ ಗುರುತಿನವರೆಗೆ ಎತ್ತಬೇಕು. ಇನ್ನೊಂದರಲ್ಲಿ ಒಂದು ಚೀಲವನ್ನು ಅಪ್ಪಿ ಹಿಡಿದು, ನೆಲದ ಮೇಲಿರುವ ನಾಲ್ಕನ್ನು 20 ಮೀಟರ್ ಹಿಂದಕ್ಕೆ ಎಳೆಯಬೇಕು. ಪಾಸಾಗುವ ಮಟ್ಟ ಎಲ್ಲರಿಗೂ ಒಂದೇ.

ಅಲ್ಲಿಗೇ ನಿಲ್ಲಲಿಲ್ಲ. ಕನಿಷ್ಠ ಮಟ್ಟ ದಾಟಿದ ಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಗೌರವದ ಹಂತಗಳಿವೆ. ಈ ಹಂತ ಕೊಡುವಾಗ ವಯಸ್ಸು, ಲಿಂಗ ನೋಡುತ್ತಾರೆ. ಅಂದರೆ 50 ವರ್ಷದ ಮಹಿಳೆ ಮೊದಲು ಎಲ್ಲರಷ್ಟೇ ಚೀಲ ಎಳೆಯಬೇಕು. ಎಳೆದ ಮೇಲೆ, ತನ್ನ ವಯಸ್ಸಿನವರ ನಡುವೆ ಅವರು ಎಷ್ಟು ಚೆನ್ನಾಗಿದ್ದಾರೆ ಅನ್ನುವುದಕ್ಕೆ ಬೇರೆ ಮೆಚ್ಚುಗೆ. ಕೆಲಸದ ಪ್ರಶ್ನೆಗೆ ಒಂದೇ ಗೆರೆ, ಆರೋಗ್ಯದ ಪ್ರಶ್ನೆಗೆ ಅವರವರ ಅಳತೆ. ನಾನು ನೋಡಿದ ಮಟ್ಟಿಗೆ ಇಷ್ಟು ಸರಳವಾಗಿ ಈ ಗಂಟು ಬಿಚ್ಚಿದ ಬೇರೆ ಸೈನ್ಯ ಇಲ್ಲ.

ಪರೀಕ್ಷೆ ಹೇಗಿರಬೇಕು ಅನ್ನುವುದು ಇಷ್ಟು ಮುಖ್ಯ ಆಗಲು ಇನ್ನೊಂದು ಕಾರಣ ಇದೆ. ಪರೀಕ್ಷೆಯಲ್ಲಿ ಏನು ಬರುತ್ತದೋ ಅದನ್ನೇ ಜನ ಓದುತ್ತಾರೆ. ಸೈನಿಕರೂ ಹಾಗೇ. ನಲವತ್ತು ವರ್ಷ ಪುಶ್-ಅಪ್, ಸಿಟ್-ಅಪ್, ಓಟ ಅಂತ ಇದ್ದಾಗ ಬೆಳಗಿನ ಕವಾಯತು ಅದರಲ್ಲೇ ಮುಗಿಯುತ್ತಿತ್ತು. ಬೆನ್ನು, ತೊಡೆ, ಹಿಡಿತದ ಬಲ ಬೆಳೆಸಲು ಹೊತ್ತು ಸಿಗುತ್ತಿರಲಿಲ್ಲ. ಎರಡು ನಿಮಿಷ ಆತುರಾತುರವಾಗಿ ಎದ್ದು ಬಾಗುವ ಸಿಟ್-ಅಪ್ ಸೊಂಟದ ಮೇಲೆ ಒತ್ತಡ ಹಾಕುತ್ತದೆ, ಕಾದಾಟದಲ್ಲಿ ಅಂಥ ಚಲನೆ ಬರುವುದೂ ಅಪರೂಪ. ಅದಕ್ಕೇ ಒಂದೊಂದಾಗಿ ಪಡೆಗಳು ಪ್ಲ್ಯಾಂಕ್ ಕಡೆ ತಿರುಗಿದವು. ಅಮೆರಿಕದ ಮರೀನ್ ಪಡೆಯೂ 2023ರಲ್ಲಿ ಸಿಟ್-ಅಪ್ ಹೋಲುವ ಕ್ರಂಚ್ ಕೈಬಿಟ್ಟು ಪ್ಲ್ಯಾಂಕ್ ಕಡ್ಡಾಯ ಮಾಡಿತು. ಡೆಡ್‌ಲಿಫ್ಟ್ ಪರೀಕ್ಷೆಗೆ ಬಂದದ್ದರಿಂದ ಆದ ದೊಡ್ಡ ಲಾಭವೂ ಇದೇ. ನೆಲದ ಮೇಲಿನ ಭಾರವನ್ನು ಬೆನ್ನು ಮುರಿದುಕೊಳ್ಳದೆ ಎತ್ತುವುದು ಹೇಗೆ ಅಂತ ಸೈನಿಕರು ಕಲಿಯಲೇಬೇಕಾಯಿತು.

ಇದಕ್ಕೆ ಖರ್ಚೂ ಇದೆ. ಪುಶ್-ಅಪ್‌ಗೆ ಆರಡಿ ನೆಲ ಸಾಕು. ಹೊಸ ಪರೀಕ್ಷೆಗೆ ಬಾರ್ ಬೇಕು, ಪ್ಲೇಟ್ ಬೇಕು, ಸ್ಲೆಡ್ ಬೇಕು, ಕೆಟಲ್‌ಬೆಲ್ ಬೇಕು, 25 ಮೀಟರಿನ ಸಾಲು ಬೇಕು, ಕಲಿಸಲು ಬಲ್ಲವರು ಬೇಕು. ಪೂರ್ಣಾವಧಿ ಸೈನಿಕನ ನೆಲೆಯಲ್ಲಿ ಇದೆಲ್ಲ ಇರುತ್ತದೆ. ಯುದ್ಧದ ಹುದ್ದೆಯಲ್ಲಿರುವ ಅಂಥವರಿಗೆ 350ರ ಮಟ್ಟ 2026ರ ಜನವರಿ 1ರಿಂದ. ಮೀಸಲು ಪಡೆ, ನ್ಯಾಷನಲ್ ಗಾರ್ಡ್‌ನವರಿಗೆ ಐದು ತಿಂಗಳು ಹೆಚ್ಚು ಕೊಟ್ಟು ಜೂನ್ 1ರಿಂದ ಅಂತ ಇಟ್ಟಿದ್ದಾರೆ. ಅವರದ್ದೂ ಅದೇ ಪಟ್ಟಿ, ಅದೇ ಸ್ಲೆಡ್. ಆದರೆ ವಾರವೆಲ್ಲ ಅವರು ಆಫೀಸಿನಲ್ಲೋ ಲಾರಿಯ ಸ್ಟಿಯರಿಂಗ್ ಹಿಂದೆಯೋ ಇರುತ್ತಾರೆ, ಸಮವಸ್ತ್ರ ಹಾಕುವುದು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ. ಆ ಎರಡು ದಿನದಲ್ಲೇ ಬಂದೂಕು, ರೇಡಿಯೋ, ಕಾಗದಪತ್ರ ಎಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಸ್ಲೆಡ್‌ನ ಪಟ್ಟಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು.